ಇಂಗ್ಲೆಂಡಿನ ಹಳೆಯ ಕಲ್ಲಿನ ಬಾರ್ನ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನ ಹಳ್ಳಿಗಾಡು ಸುತ್ತುವವರು ಕೋಟೆ ನೋಡುತ್ತಾರೆ, ಚರ್ಚು ನೋಡುತ್ತಾರೆ, ಅರಮನೆಗೆ ಟಿಕೆಟ್ ತಗೊಂಡು ಹೋಗುತ್ತಾರೆ. ಹೊಲದಲ್ಲಿ ನಿಂತಿರುವ ಕಲ್ಲಿನ ಬಾರ್ನ್ ಎಂಬ ಬೇಸಾಯದ ಕಟ್ಟಡದ ಮುಂದೆ ಕಾರು ನಿಲ್ಲಿಸುವವರು ಕಡಿಮೆ. ಅವರೂ ನಿಲ್ಲಿಸಲಿ ಅನ್ನುವುದೇ ಈ ಪುಟದ ಆಸೆ. ಈ ಕಟ್ಟಡಗಳಲ್ಲಿ ಬರೀ ಅಂದಕ್ಕೆ ಅಂತ ಮಾಡಿದ್ದು ತೀರಾ ಕಡಿಮೆ. ಬಾಗಿಲು ಎಲ್ಲಿರಬೇಕು, ಕಿಂಡಿ ಎಷ್ಟಿರಬೇಕು, ಚಾವಣಿ ಎಷ್ಟು ಇಳಿಜಾರಾಗಿರಬೇಕು ಎಂಬುದನ್ನೆಲ್ಲ ಒಳಗೆ ನಡೆಯುತ್ತಿದ್ದ ಕೆಲಸ, ಹೊರಗಿನ ಹವೆ, ಕಾಲಡಿಯ ಕಲ್ಲು ತೀರ್ಮಾನಿಸಿವೆ. ಕೆಲಸ ಗೊತ್ತಿದ್ದರೆ ಗೋಡೆಯನ್ನು ಓದಬಹುದು.

ಬಾರ್ನ್ ಅಂದರೆ ದನದ ಕೊಟ್ಟಿಗೆಯೋ, ಕಣಜವೋ?

ದಕ್ಷಿಣ ಮತ್ತು ಮಧ್ಯ ಇಂಗ್ಲೆಂಡಿನ ದೊಡ್ಡ ಬಾರ್ನ್‌ಗಳ ಮಟ್ಟಿಗೆ ಎರಡೂ ಅಲ್ಲ. ಅದು ತೆನೆಯ ಕಟ್ಟಡ. ಅಲ್ಲಿ ಕೊಯ್ಲು ಆಗುವುದು ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ. ಮಳೆ ಯಾವಾಗ ಬೇಕಾದರೂ ಬರಬಹುದು. ಬಯಲು ಕಣದಲ್ಲಿ ಒಕ್ಕಣೆ ಮುಗಿಸುತ್ತೇವೆ ಎಂಬ ಭರವಸೆ ಇರಲಿಲ್ಲ. ಹಾಗಾಗಿ ಗೋಧಿ, ಬಾರ್ಲಿ, ಓಟ್ಸ್ ಕೊಯ್ದು, ಕಂತೆ ಕಟ್ಟಿ, ಕಾಳು ಬಿಡಿಸದೆ ಹಾಗೇ ತಂದು ಒಳಗೆ ಒಟ್ಟುತ್ತಿದ್ದರು. ಆಮೇಲೆ ಚಳಿಗಾಲ ಪೂರ್ತಿ ಸ್ವಲ್ಪ ಸ್ವಲ್ಪವೇ ಬಡಿದು ಕಾಳು ಮಾಡುತ್ತಿದ್ದರು. ಕಣ ಮತ್ತು ಬಣವೆ ಎರಡೂ ಒಂದೇ ಸೂರಿನಡಿ ಬಂದವು. ಬಿಡಿಸಿದ ಕಾಳಿಗೆ ಕಣಜ ಬೇರೆ ಇರುತ್ತಿತ್ತು.

ಉತ್ತರದ ಬೆಟ್ಟಸೀಮೆಗೆ ಹೋದರೆ ಲೆಕ್ಕ ಬದಲಾಗುತ್ತದೆ. ಅಲ್ಲಿ ಬೆಳೆಗಿಂತ ಹುಲ್ಲು ಜಾಸ್ತಿ. ಯಾರ್ಕ್‌ಷೈರ್ ಡೇಲ್ಸ್ ಎಂಬ ಕಣಿವೆಸೀಮೆಯ ಬಾರ್ನ್‌ನಲ್ಲಿ ಕೆಳಗೆ ದನ, ಮೇಲೆ ಒಣಹುಲ್ಲು. ಹೆಸರು ಒಂದೇ ಆದರೂ ಕಟ್ಟಡ ಪೂರ್ತಿ ಬೇರೆ.

ಉದ್ದ ಗೋಡೆಯಲ್ಲಿ ಎದುರುಬದುರಾಗಿ ಅಷ್ಟು ದೊಡ್ಡ ಬಾಗಿಲು ಏಕೆ?

ಇಡೀ ಕಟ್ಟಡದ ಗುಟ್ಟು ಇರುವುದೇ ಅಲ್ಲಿ. ಎರಡು ಬಾಗಿಲ ನಡುವಿನ ಜಾಗವೇ ಕಣ. ನೆಲಕ್ಕೆ ಓಕ್ ಅಥವಾ ಎಲ್ಮ್ ಹಲಗೆ ಹಾಸಿರುತ್ತಿದ್ದರು. ಕೆಲವು ಕಡೆ ಚಪ್ಪಡಿ ಕಲ್ಲು, ಬಡವರ ಬಾರ್ನ್‌ನಲ್ಲಿ ಬಡಿದು ಗಟ್ಟಿ ಮಾಡಿದ ಮಣ್ಣು. ಕಣದ ಎರಡೂ ಪಕ್ಕ ಚಾವಣಿ ಮುಟ್ಟುವ ತನಕ ತೆನೆಯ ಕಂತೆ. ಒಂದು ಕಡೆ ಬಡಿಯದ ಕಂತೆ, ಇನ್ನೊಂದು ಕಡೆ ಬಡಿದಾದ ಹುಲ್ಲು ಎಂಬ ವ್ಯವಸ್ಥೆಯೂ ಇತ್ತು.

ಬಡಿಯಲು ಫ್ಲೇಲ್ ಬಳಸುತ್ತಿದ್ದರು. ಎರಡು ಕೋಲುಗಳನ್ನು ತೊಗಲಿನ ಪಟ್ಟಿಯಿಂದ ಜೋಡಿಸಿದ ಸಾಧನ ಅದು. ಇಬ್ಬರು ಎದುರಾಬದುರಾ ನಿಂತು, ಒಬ್ಬರಾದ ಮೇಲೆ ಒಬ್ಬರು ಬೀಸಿ ಬಡಿಯುತ್ತಿದ್ದರು. ಕಾಳು ಬಿಟ್ಟ ಮೇಲೆ ತೂರಬೇಕಲ್ವಾ? ಆಗ ಎರಡೂ ಬಾಗಿಲು ತೆಗೆಯುತ್ತಿದ್ದರು. ಗಾಳಿ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆ ಹೋಗುತ್ತಿತ್ತು. ಹೊಟ್ಟು ಹಾರಿ ಹೋಗಿ ಕಾಳು ಕೆಳಗೆ ಬೀಳುತ್ತಿತ್ತು. ಗಾಳಿ ಜೋರಾದರೆ ಬಾಗಿಲನ್ನು ಸ್ವಲ್ಪ ಮುಚ್ಚಿ ಹದ ಮಾಡಿಕೊಳ್ಳಬಹುದಿತ್ತು. ಬಾಗಿಲೇ ಇಲ್ಲಿ ಒಂದು ಯಂತ್ರ.

ಹತ್ತಿರ ಹೋಗಿ ನೋಡಿದರೆ ಇನ್ನೂ ಕೆಲವು ಸಂಗತಿ ಕಾಣುತ್ತವೆ. ಎಷ್ಟೋ ಕಡೆ ಒಂದು ಬಾಗಿಲು ಎತ್ತರ, ಎದುರಿನದು ಗಿಡ್ಡ. ಪೈರು ತುಂಬಿದ ಗಾಡಿ ಎತ್ತರದ ಬಾಗಿಲಲ್ಲಿ ಒಳಗೆ ಬಂದು, ಖಾಲಿಯಾಗಿ ಗಿಡ್ಡ ಬಾಗಿಲಲ್ಲಿ ಹೊರಗೆ ಹೋಗುತ್ತಿತ್ತು. ಎತ್ತರದ ಬಾಗಿಲಿಗೆ ಮುಂಚಾಚಿದ ಕಲ್ಲಿನ ಪೋರ್ಚ್ ಇದ್ದರೆ, ಮಳೆ ಬಂದಾಗ ಗಾಡಿ ಅಲ್ಲೇ ಒಣಗಿ ನಿಲ್ಲಬಹುದು. ಬಾಗಿಲ ಚೌಕಟ್ಟಿನ ಬುಡದಲ್ಲಿ ಹಲಗೆ ಇಳಿಸುವ ಉದ್ದನೆಯ ಸೀಳುಗಳು ಕಾಣಬಹುದು. ಆ ಹಲಗೆ ಕಾಳನ್ನು ಒಳಗೆ ತಡೆಯುತ್ತಿತ್ತು, ಹಂದಿ ಕೋಳಿಗಳನ್ನು ಹೊರಗೆ ತಡೆಯುತ್ತಿತ್ತು.

ಈ ಕಣವೇ ಹಳ್ಳಿಯ ಕೂಲಿಯವರ ಚಳಿಗಾಲದ ಅನ್ನ. ಒಕ್ಕಣೆ ಯಂತ್ರ ಬಂದಾಗ ಆ ಅನ್ನ ಹೋಯಿತು. 1830ರ ಆಗಸ್ಟ್‌ನಲ್ಲಿ ಕೆಂಟ್ ಸೀಮೆಯಲ್ಲಿ ಕೂಲಿಯವರು ಯಂತ್ರ ಒಡೆಯಲು ಶುರು ಮಾಡಿದರು. ಅದು ದಕ್ಷಿಣ ಇಂಗ್ಲೆಂಡಿನ ಉದ್ದಕ್ಕೂ ಹಬ್ಬಿತು. ಸ್ವಿಂಗ್ ದಂಗೆ ಎಂದು ಚರಿತ್ರೆ ಅದನ್ನು ಕರೆಯುತ್ತದೆ. ಖಾಲಿ ಕಣದಲ್ಲಿ ನಿಂತಾಗ ಆ ಜನರನ್ನು ನೆನೆಯುವುದು ನ್ಯಾಯ ಅಂತ ನನಗೆ ಅನ್ನಿಸುತ್ತದೆ.

ಒಂದೇ ಒಂದು ಬಾರ್ನ್ ನೋಡುವುದಾದರೆ ಯಾವುದು?

ಗ್ರೇಟ್ ಕಾಕ್ಸ್‌ವೆಲ್. ಆಕ್ಸ್‌ಫರ್ಡ್‌ಷೈರ್‌ನ ಫ್ಯಾರಿಂಗ್‌ಡನ್ ಪಟ್ಟಣದ ಹತ್ತಿರ ಇದೆ. ಈ ಉತ್ತರದಲ್ಲಿ ನನಗೆ ಅನುಮಾನವೇ ಇಲ್ಲ.

ಇದನ್ನು ಕಟ್ಟಿಸಿದವರು ಹ್ಯಾಂಪ್‌ಷೈರ್‌ನ ಬ್ಯೂಲಿ ಮಠದ ಸಿಸ್ಟರ್ಷಿಯನ್ ಸನ್ಯಾಸಿಗಳು. ಫ್ಯಾರಿಂಗ್‌ಡನ್‌ನ ಜಮೀನನ್ನು ಅವರಿಗೆ ಕೊಟ್ಟವನು ಕಿಂಗ್ ಜಾನ್. ಆ ಜಮೀನಿನ ಬೆಳೆ ಇಡಲು ಕಟ್ಟಿದ ಬಾರ್ನ್ ಇದು. ತೊಲೆಗಳ ಮರದ ಉಂಗುರ ಎಣಿಸಿ ನೋಡಿದಾಗ 1292ರ ಸುಮಾರಿಗೆ ಕಟ್ಟಿದ್ದು ಎಂದು ಗೊತ್ತಾಯಿತು. ಉದ್ದ 152 ಅಡಿ, ಅಗಲ 44 ಅಡಿ, ಎತ್ತರ 48 ಅಡಿ.

ಹೊರಗಿನಿಂದ ಗೋಡೆ ಸರಳ. ಕಾಟ್ಸ್‌ವಲ್ಡ್ ಕಲ್ಲು, ನಡುನಡುವೆ ಆಸರೆ ಗೋಡೆ, ಮೇಲೆ ಕಲ್ಲಿನ ಹಂಚು. ಒಳಗೆ ಕಾಲಿಟ್ಟರೆ ಮಾತ್ರ ಕತ್ತು ತಾನಾಗಿ ಮೇಲೆ ಹೋಗುತ್ತದೆ. ಎರಡು ಸಾಲು ಓಕ್ ಕಂಬಗಳು ಚಾವಣಿಯನ್ನು ಹೊತ್ತು ನಿಂತಿವೆ. ಆ ಕಂಬಗಳ ಬುಡ ನೋಡಿ. ಅವು ನೆಲದ ಮೇಲಿಲ್ಲ, ಸುಮಾರು 7 ಅಡಿ ಎತ್ತರದ ಕಲ್ಲಿನ ಕಂಬದ ಮೇಲೆ ನಿಂತಿವೆ. ಒದ್ದೆ ನೆಲ ಮರಕ್ಕೆ ಮುಟ್ಟುವುದೇ ಇಲ್ಲ. ಗಾಡಿ ತಾಗಿದರೂ ಪೆಟ್ಟು ಕಲ್ಲಿಗೆ. ಅಷ್ಟುದ್ದದ ಓಕ್ ಹುಡುಕುವ ಕಷ್ಟವೂ ಕಡಿಮೆ. 700 ವರ್ಷ ದಾಟಿದ ಮರ ಇವತ್ತೂ ಭಾರ ಹೊರುತ್ತಿದ್ದರೆ ಅದರ ಯಶಸ್ಸಿನಲ್ಲಿ ಆ ಕಲ್ಲಿನ ಬುಡಕ್ಕೆ ದೊಡ್ಡ ಪಾಲಿದೆ.

ಈಗ ನೀವು ಒಳಗೆ ಹೋಗುವ ತುದಿಗೋಡೆಯ ದೊಡ್ಡ ಬಾಗಿಲು ಮೊದಲಿನದಲ್ಲ. ಹದಿನೆಂಟನೇ ಶತಮಾನದಲ್ಲಿ ಗಾಡಿಗಳು ದೊಡ್ಡದಾದವು, ಆಗ ಗೋಡೆ ಒಡೆದು ಮಾಡಿದ್ದು. ಹಳೆಯ ದಾರಿ ಉದ್ದ ಗೋಡೆಯ ಪೋರ್ಚ್‌ಗಳದು. ಗೋಡೆಯ ತುಂಬ ಚೌಕದ ತೂತುಗಳೂ ಇವೆ. ಗೋಡೆ ಏರಿದಂತೆ ಅಟ್ಟಣೆ ಕಟ್ಟಲು ಮರದ ತುಂಡು ಸಿಕ್ಕಿಸುತ್ತಿದ್ದ ಜಾಗ ಅವು.

ಕವಿ ಮತ್ತು ಕುಶಲಕರ್ಮಿ ವಿಲಿಯಂ ಮಾರಿಸ್ 1871ರಿಂದ ಹತ್ತಿರದ ಕೆಲ್ಮ್‌ಸ್ಕಾಟ್‌ನಲ್ಲಿ ಮನೆ ಮಾಡಿಕೊಂಡಿದ್ದರು. ಮನೆಗೆ ಬಂದವರನ್ನು ಇಲ್ಲಿಗೆ ಕರೆತರುತ್ತಿದ್ದರು. ಇದನ್ನು ಕತೀಡ್ರಲ್‌ಗೆ ಸಮ ಎಂದು ಹೊಗಳಿದ್ದರು. 1956ರಿಂದ ಇದು ಹಳೆಯ ಕಟ್ಟಡಗಳನ್ನು ಕಾಯುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಕೈಯಲ್ಲಿದೆ.

ಇವನ್ನೆಲ್ಲ ಟೈದ್ ಬಾರ್ನ್ ಅಂತಾರಲ್ಲ, ಚರ್ಚಿನ ತೆರಿಗೆ ಧಾನ್ಯ ಇಡುತ್ತಿದ್ದದ್ದಾ?

ಬಹಳಷ್ಟು ಸಲ ಅಲ್ಲ. ಹಳ್ಳಿಯವರು ಬೆಳೆದದ್ದರಲ್ಲಿ ಹತ್ತನೇ ಒಂದು ಪಾಲನ್ನು ಟೈದ್ ಎಂದು ಚರ್ಚಿಗೆ ಕೊಡಬೇಕಿತ್ತು, ಅದು ನಿಜ. ಅದನ್ನು ಇಡಲು ಬಾರ್ನ್ ಇದ್ದದ್ದೂ ನಿಜ. ಆದರೆ ಇವತ್ತು ನಾವು ಬೆರಗಾಗಿ ನೋಡುವ ಭಾರಿ ಬಾರ್ನ್‌ಗಳಲ್ಲಿ ಹೆಚ್ಚಿನವು ಮಠಗಳ ಸ್ವಂತ ಜಮೀನಿನವು. ಮಠಗಳು ಆಗಿನ ಕಾಲದ ದೊಡ್ಡ ಜಮೀನ್ದಾರರು. ಬೆಳೆ ಅವರದೇ, ಕೂಲಿ ಅವರದೇ, ಬಾರ್ನೂ ಅವರದೇ.

ವಿಲ್ಟ್‌ಷೈರ್‌ನ ಬ್ರ್ಯಾಡ್‌ಫರ್ಡ್ ಆನ್ ಏವನ್ ಬಾರ್ನ್ ಒಳ್ಳೆಯ ಉದಾಹರಣೆ. ಎಲ್ಲರೂ ಅದನ್ನು ಟೈದ್ ಬಾರ್ನ್ ಅಂತಲೇ ಕರೆಯುತ್ತಾರೆ. ಅದು ಷಾಫ್ಟ್ಸ್‌ಬರಿ ಮಠದ ಸನ್ಯಾಸಿನಿಯರ ಫಾರ್ಮಿನ ಬಾರ್ನ್. ಆ ಊರು ಮಠಕ್ಕೆ ಸೇರಿದ್ದು 1001ರಲ್ಲಿ, ರಾಜ ಎಥೆಲ್‌ರೆಡ್ ಕೊಟ್ಟ ದಾನವಾಗಿ. ಬಾರ್ನ್ ಕಟ್ಟಿದ್ದು ಹದಿನಾಲ್ಕನೇ ಶತಮಾನದ ಮೊದಲ ಭಾಗದಲ್ಲಿ. ಉದ್ದ 168 ಅಡಿ, 14 ಅಂಕಣ. ಚಾವಣಿಯ ಕಲ್ಲಿನ ಹಂಚೇ ಸುಮಾರು 100 ಟನ್ ತೂಗುತ್ತದೆ. ಒಳಗೆ ನಡುವೆ ಕಂಬವೇ ಇಲ್ಲ. ಬಾಗಿದ ಓಕ್ ಮರಗಳನ್ನು ಎರಡೂ ಗೋಡೆಯ ನಡುಮಟ್ಟದಿಂದ ಎಬ್ಬಿಸಿ ಮೇಲೆ ಜೋಡಿಸಿದ್ದಾರೆ. ಕ್ರಕ್ ಎಂಬ ಪದ್ಧತಿ ಇದು. ಗ್ರೇಟ್ ಕಾಕ್ಸ್‌ವೆಲ್‌ನ ಕಂಬದ ಸಾಲು ನೋಡಿ ಇಲ್ಲಿಗೆ ಬಂದರೆ ಒಂದೇ ಕೆಲಸಕ್ಕೆ ಎರಡು ಜಾಣತನದ ಉತ್ತರ ಸಿಕ್ಕಿದಂತೆ.

1536ರಿಂದ 1540ರ ಒಳಗೆ ಎಂಟನೇ ಹೆನ್ರಿ ಮಠಗಳನ್ನು ಮುಚ್ಚಿಸಿದ. ಷಾಫ್ಟ್ಸ್‌ಬರಿಯ ಭಾರಿ ಮಠ 1539ರಲ್ಲಿ ಹೋಯಿತು. ಅದರ ಚರ್ಚಿನಲ್ಲಿ ಈಗ ಉಳಿದಿರುವುದು ಬುನಾದಿ ಮಾತ್ರ. ಬಾರ್ನ್ ನಿಂತಿದೆ. ಕಾರಣ ಸರಳ: ಹೊಸ ಒಡೆಯನಿಗೂ ಬೆಳೆ ಇಡಲು ಜಾಗ ಬೇಕಿತ್ತು.

ಗೋಡೆಯ ಸಣ್ಣ ಸೀಳು ಕಿಂಡಿಗಳು ಬಾಣ ಬಿಡಲಿಕ್ಕಾ?

ಅಲ್ಲ. ಗಾಳಿಗೆ. ತೆನೆಯಾಗಲಿ ಹುಲ್ಲಾಗಲಿ ಹಸಿಯಿದ್ದರೆ ಬಿಸಿಯಾಗಿ ಮುಗ್ಗುತ್ತದೆ, ಹೊತ್ತಿಕೊಳ್ಳುವುದೂ ಉಂಟು. ಕಿಂಡಿ ಹೊರಗೆ ಕಿರಿದು, ಒಳಗೆ ಅಗಲ. ಮಳೆ ಒಳಗೆ ಬರುವುದಿಲ್ಲ, ಗಾಳಿ ಹರಡಿಕೊಳ್ಳುತ್ತದೆ, ಬೆಳಕೂ ಸ್ವಲ್ಪ ಸಿಗುತ್ತದೆ.

ಊರೂರಿಗೂ ಕಲ್ಲಿನ ಬಣ್ಣ ಬದಲಾಗುತ್ತದಲ್ಲ, ಏಕೆ?

ಕಲ್ಲು ಭಾರ, ದಾರಿ ಕೆಟ್ಟದ್ದು. ಫಾರ್ಮ್ ಕಟ್ಟಡಕ್ಕೆ ದೂರದಿಂದ ಕಲ್ಲು ತರುವ ಖರ್ಚು ಯಾರೂ ಮಾಡುತ್ತಿರಲಿಲ್ಲ. ಹತ್ತಿರದ ಗುಂಡಿಯಲ್ಲಿ ಸಿಕ್ಕಿದ್ದೇ ಗೋಡೆಯಾಯಿತು. ಆದ್ದರಿಂದ ಬಾರ್ನ್‌ಗಳನ್ನು ನೋಡುತ್ತಾ ಹೋದರೆ ನೆಲದಡಿಯ ನಕ್ಷೆ ಕಾಣುತ್ತದೆ. ಡಾರ್ಸೆಟ್‌ನಿಂದ ಕಾಟ್ಸ್‌ವಲ್ಡ್ ಮೂಲಕ ಲಿಂಕನ್‌ಷೈರ್ ತನಕ ಸುಣ್ಣದ ಕಲ್ಲಿನ ಪಟ್ಟಿ ಹಾದು ಹೋಗುತ್ತದೆ. ಅಲ್ಲೆಲ್ಲ ಜೇನುಬಣ್ಣ, ಬೆಣ್ಣೆಬಣ್ಣ. ವುಸ್ಟರ್‌ಷೈರ್‌ನ ಮಿಡ್ಲ್ ಲಿಟಲ್‌ಟನ್ ಬಾರ್ನ್ ನೀಲಿ ಬೂದು ಲಯಾಸ್ ಕಲ್ಲಿನದು. ಪೆನೈನ್ ಬೆಟ್ಟದ ಮರಳುಗಲ್ಲು ಮಸಿ ಹಿಡಿದು ಕಪ್ಪಾಗಿರುತ್ತದೆ. ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಸ್ಲೇಟು. ಡೆವನ್‌ನಲ್ಲಿ ಕಲ್ಲಿನ ಬುಡದ ಮೇಲೆ ಮಣ್ಣು ಹುಲ್ಲು ಕಲಸಿದ ಕಾಬ್ ಗೋಡೆ ಏರಿಸುತ್ತಿದ್ದರು.

ಒಳ್ಳೆಯ ಕಲ್ಲು ಸಿಗದ ಕಡೆ ಮರದ ಬಾರ್ನ್‌ಗಳೇ ಇವೆ. ಹೀತ್ರೂ ವಿಮಾನ ನಿಲ್ದಾಣದ ಪಕ್ಕದ ಹಾರ್ಮಂಡ್ಸ್‌ವರ್ತ್ ಬಾರ್ನ್ ಅಂಥದ್ದು. 1420ರ ದಶಕದ್ದು. ಅದೂ ಅದ್ಭುತವೇ, ಆದರೆ ಈ ಪುಟದ ವಿಷಯ ಅಲ್ಲ.

ಚಾವಣಿಯ ಕಲ್ಲು ಕೆಳಗೆ ದೊಡ್ಡದು, ಮೇಲೆ ಹೋದಂತೆ ಚಿಕ್ಕದು ಏಕೆ?

ಕಲ್ಲು ಒಡೆದಾಗ ಎಲ್ಲ ಅಳತೆಯ ತುಂಡೂ ಬರುತ್ತದೆ. ಯಾವುದನ್ನೂ ಬಿಸಾಡುವಂತಿಲ್ಲ. ದೊಡ್ಡ, ಭಾರದ ಹಂಚನ್ನು ಸೂರಿನ ಕಡೆ ಹಾಕಿದರೆ ತೂಕ ನೇರ ಗೋಡೆಗೆ ಇಳಿಯುತ್ತದೆ. ಮಳೆನೀರು ಜಾಸ್ತಿ ಹರಿಯುವುದೂ ಅಲ್ಲೇ, ಅಲ್ಲಿ ಸಂದು ಕಡಿಮೆ ಇದ್ದಷ್ಟೂ ಒಳ್ಳೆಯದು. ಚಿಕ್ಕವು ನೆತ್ತಿಯ ಹತ್ತಿರ. ಪ್ರತಿ ಹಂಚನ್ನೂ ಓಕ್ ಗೂಟದಿಂದ ಪಟ್ಟಿಗೆ ನೇತುಹಾಕುತ್ತಿದ್ದರು.

ಹಂಚು ಮಾಡುವ ರೀತಿ ಇನ್ನೂ ಸೊಗಸು. ಆಕ್ಸ್‌ಫರ್ಡ್‌ಷೈರ್‌ನ ಸ್ಟೋನ್ಸ್‌ಫೀಲ್ಡ್‌ನಲ್ಲಿ ಕಲ್ಲನ್ನು ಗಣಿಯಿಂದ ತೆಗೆದು ಒದ್ದೆಯಾಗಿಯೇ ಇಟ್ಟು, ಚಳಿಗಾಲದ ಹಿಮಕ್ಕೆ ಒಡ್ಡುತ್ತಿದ್ದರು. ಒಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿ ಕಲ್ಲು ಪದರ ಪದರವಾಗಿ ಬಿಡುತ್ತಿತ್ತು. ಆಮೇಲೆ ಸುತ್ತಿಗೆ ಕೆಲಸ. ಬೆಚ್ಚಗಿನ ಚಳಿಗಾಲ ಬಂದರೆ ಆ ವರ್ಷ ಕಷ್ಟ. ಇದೇ ಗಣಿಯ ಕಲ್ಲಿನಲ್ಲಿ ಸಿಕ್ಕಿದ ಮೂಳೆಗಳಿಂದಲೇ ವಿಲಿಯಂ ಬಕ್ಲೆಂಡ್ 1824ರಲ್ಲಿ ಮೆಗಲೋಸಾರಸ್ ಎಂಬ ಡೈನೋಸಾರ್ ಅನ್ನು ಜಗತ್ತಿಗೆ ತಿಳಿಸಿದ್ದು. ನಾರ್ತಾಂಪ್ಟನ್‌ಷೈರ್‌ನ ಕಾಲಿವೆಸ್ಟನ್ ಹಂಚಿಗೂ ಹಿಮವೇ ಬೇಕು. ಈಚೆಗೆ ಅದನ್ನು ದೊಡ್ಡ ಫ್ರೀಜರ್‌ನಲ್ಲಿಟ್ಟು ಸೀಳುವುದನ್ನು ಕಲಿತಿದ್ದಾರೆ. ನಿಂತೇ ಹೋಗುತ್ತಿದ್ದ ಕಸುಬು ಹಾಗೆ ಉಳಿದುಕೊಂಡಿತು.

ಇಳಿಜಾರಿಗೂ ಕಲ್ಲೇ ಕಾರಣ. ಕಾಟ್ಸ್‌ವಲ್ಡ್ ಹಂಚು ಸಣ್ಣದು, ನೀರು ಹೀರುತ್ತದೆ. ಆದ್ದರಿಂದ ಚಾವಣಿ ಸುಮಾರು 50 ಡಿಗ್ರಿ ಕಡಿದು. ಪೆನೈನ್ ಚಪ್ಪಡಿ ಅಗಲ, ಬಲು ಭಾರ. ಕಡಿದಾಗಿಟ್ಟರೆ ಜಾರುತ್ತದೆ. ಅಲ್ಲಿ 30 ಡಿಗ್ರಿ ಆಸುಪಾಸು ಸಾಕು.

ಯಾರ್ಕ್‌ಷೈರ್ ಡೇಲ್ಸ್‌ನಲ್ಲಿ ಒಂದೊಂದು ಗದ್ದೆಗೂ ಒಂದೊಂದು ಬಾರ್ನ್ ಇದೆಯಲ್ಲ?

ನನಗೆ ತುಂಬ ಇಷ್ಟದ ಪ್ರಶ್ನೆ ಇದು. ಸ್ವೇಲ್‌ಡೇಲ್‌ನ ಮ್ಯೂಕರ್ ಅಥವಾ ಗನ್ನರ್‌ಸೈಡ್ ಹಳ್ಳಿಯ ಮೇಲಿನ ಕಾಲುದಾರಿಯಿಂದ ಕೆಳಗೆ ನೋಡಿದರೆ ಕಣಿವೆಯ ತುಂಬ ಕಲ್ಲುಗೋಡೆ, ಗೋಡೆ ಗೋಡೆಯ ನಡುವೆ ಪುಟ್ಟ ಬಾರ್ನ್. ಡೇಲ್ಸ್‌ನಲ್ಲಿ ಇಂಥವು ಸಾವಿರಾರಿವೆ. ಹೆಚ್ಚಿನವು ಹದಿನೆಂಟು, ಹತ್ತೊಂಬತ್ತನೇ ಶತಮಾನದವು.

ಅವರ ತರ್ಕ ಹೀಗಿತ್ತು. ಹುಲ್ಲುಗಾವಲು ಮನೆಯಿಂದ ದೂರ, ದಾರಿ ಏರುಪೇರು. ಜುಲೈನಲ್ಲಿ ಕೊಯ್ದ ಹುಲ್ಲನ್ನೆಲ್ಲ ಮನೆಗೆ ಹೊರುವುದು, ಚಳಿಗಾಲದ ಗೊಬ್ಬರವನ್ನೆಲ್ಲ ತಿರುಗಿ ಗದ್ದೆಗೆ ಹೊರುವುದು ಎರಡು ಪಟ್ಟು ದಂಡದ ಕೆಲಸ. ಬದಲಿಗೆ ಹುಲ್ಲು ಬೆಳೆದಲ್ಲೇ ಇರಲಿ, ದನವೂ ಅಲ್ಲೇ ಇರಲಿ, ಗೊಬ್ಬರವೂ ಅಲ್ಲೇ ಬೀಳಲಿ. ಓಡಾಡುವುದು ರೈತ ಒಬ್ಬನೇ. ನವೆಂಬರ್‌ನಿಂದ ಮೇ ತನಕ ದಿನಕ್ಕೆ ಎರಡು ಸಲ, ಹಿಮದಲ್ಲೂ, ಅವನು ಒಂದೊಂದು ಬಾರ್ನಿಗೂ ನಡೆದು ಹೋಗಿ ಮೇವು ಹಾಕಿ, ಸಗಣಿ ಬಾಚಿ, ಹೊಳೆಗೆ ಬಿಟ್ಟು ನೀರು ಕುಡಿಸಿ ಬರುತ್ತಿದ್ದ. ಕರೆಯುವ ಹಸು ಇದ್ದರೆ ಹಾಲನ್ನು ಬೆನ್ನಿಗೆ ಕಟ್ಟಿಕೊಂಡ ತಗಡಿನ ಕ್ಯಾನಿನಲ್ಲಿ ಮನೆಗೆ ತರುತ್ತಿದ್ದ.

ಒಳಗೆ ಒಂದು ಕಡೆ ನಾಲ್ಕಾರು ದನ ಕಟ್ಟುವ ಜಾಗ. ಕಲ್ಲಿನ ಚಪ್ಪಡಿ ಅಥವಾ ಹಲಗೆ ನಿಲ್ಲಿಸಿ ಮಾಡಿದ ಅಡ್ಡಗೋಡೆ. ದನದ ಮೇಲೆ ಅಟ್ಟ. ಪಕ್ಕದಲ್ಲಿ ನೆಲದಿಂದ ಚಾವಣಿಯ ತನಕ ಹುಲ್ಲು. ಗೋಡೆಯ ಮೇಲ್ಭಾಗದಲ್ಲಿ ಹುಲ್ಲು ತಳ್ಳಲು ಒಂದು ಚೌಕದ ಕಿಟಕಿ. ದನದ ಮೈಬಿಸಿ ದನಕ್ಕೇ ಉಳಿಯುತ್ತಿತ್ತು.

ಹೊರಗೋಡೆಯಲ್ಲಿ ಸಾಲಾಗಿ ಚಾಚಿದ ಕಲ್ಲುಗಳನ್ನು ನೋಡಿ ಹತ್ತಲು ಮೆಟ್ಟಿಲು ಅಂದುಕೊಳ್ಳುವವರಿದ್ದಾರೆ. ಗೋಡೆ ನಿಜವಾಗಿ ಎರಡು ಪದರ, ನಡುವೆ ಚೂರುಕಲ್ಲು ತುಂಬಿರುತ್ತಾರೆ. ಎರಡೂ ಪದರ ಬೇರೆಯಾಗದಂತೆ ಅಡ್ಡಲಾಗಿ ಹಾಯಿಸಿದ ಉದ್ದ ಕಲ್ಲುಗಳು ಅವು. ಹೊರಗೆ ಉಳಿದ ತುದಿಯನ್ನು ಕತ್ತರಿಸುವ ಗೋಜಿಗೆ ಹೋಗಿಲ್ಲ, ಅಷ್ಟೇ.

1989ರಲ್ಲಿ ಸ್ವೇಲ್‌ಡೇಲ್ ಮತ್ತು ಆರ್ಕನ್‌ಗಾರ್ತ್‌ಡೇಲ್ ಕಣಿವೆಗಳ ಬಾರ್ನ್ ಮತ್ತು ಗೋಡೆಗಳನ್ನು ಒಟ್ಟಾಗಿ ಸಂರಕ್ಷಿತ ಪ್ರದೇಶ ಎಂದು ಸಾರಿದರು. ಒಂದೊಂದು ಬಾರ್ನ್ ನೋಡಿದರೆ ಸಾದಾ. ನೂರಾರು ಸೇರಿದಾಗ ಒಂದು ಕಣಿವೆಯ ಬದುಕೇ ಅಲ್ಲಿ ಬರೆದಿದೆ. ಮಠಗಳ ಭಾರಿ ಬಾರ್ನ್‌ಗಳಿಗಿಂತ ಇವು ಹೆಚ್ಚು ಅಪಾಯದಲ್ಲಿವೆ. ಟ್ರ್ಯಾಕ್ಟರ್ ಬಂದ ಮೇಲೆ, ಹುಲ್ಲನ್ನು ಪ್ಲಾಸ್ಟಿಕ್ ಸುತ್ತಿ ಇಡುವುದು ಶುರುವಾದ ಮೇಲೆ ಇವಕ್ಕೆ ಕೆಲಸವೇ ಇಲ್ಲ. ಒಂದು ಚಪ್ಪಡಿ ಜಾರಿದರೆ ಮಳೆ ಒಳಗೆ, ಜಂತೆ ಕೊಳೆತರೆ ಚಾವಣಿ ಕೆಳಗೆ. ಆಮೇಲೆ ಗೋಡೆ ಬಹಳ ಕಾಲ ನಿಲ್ಲುವುದಿಲ್ಲ.

ಮಹಡಿಗೆ ನೇರ ಗಾಡಿ ಹೋಗುವ ಬಾರ್ನ್ ಇದೆಯಂತೆ, ಹೌದಾ?

ಹೌದು, ಬ್ಯಾಂಕ್ ಬಾರ್ನ್. ಲೇಕ್ ಡಿಸ್ಟ್ರಿಕ್ಟ್ ಸೀಮೆಯಲ್ಲಿ ಜಾಸ್ತಿ, ಡೆವನ್‌ನಲ್ಲೂ ಇವೆ. ಗುಡ್ಡದ ಇಳಿಜಾರಿಗೆ ಒರಗಿಸಿ ಕಟ್ಟುತ್ತಾರೆ. ಮೇಲಿನ ಕಡೆಯಿಂದ ಗಾಡಿ ಸೀದಾ ಮಹಡಿಗೆ ಬರುತ್ತದೆ, ಅಲ್ಲಿ ಕಣ ಮತ್ತು ಹುಲ್ಲು. ಕೆಳಗಿನ ಕಡೆಯಿಂದ ದನ, ಕುದುರೆಗೆ ಬಾಗಿಲು. ಮೇವನ್ನು ಮೇಲಿಂದ ಕೆಳಗೆ ತಳ್ಳಿದರೆ ಸಾಕು. ವಿಂಡರ್‌ಮಿಯರ್ ಹತ್ತಿರದ ಟ್ರೌಟ್‌ಬೆಕ್‌ನಲ್ಲಿ ಟೌನೆಂಡ್ ಎಂಬ ರೈತ ಮನೆಯ ಎದುರು 1666ರ ಬ್ಯಾಂಕ್ ಬಾರ್ನ್ ಇದೆ. ಬ್ರೌನ್ ಎಂಬ ರೈತ ಕುಟುಂಬ 1943ರ ತನಕ ಅಲ್ಲೇ ಬಾಳಿತು.

ನಾರ್ತಂಬರ್ಲೆಂಡ್‌ನ ಬ್ಯಾಸಲ್ ಮನೆಗಳು ಬಾರ್ನ್‌ಗಳ ಪೈಕಿಯೇ?

ಅರ್ಧ ಮನೆ, ಅರ್ಧ ಕೊಟ್ಟಿಗೆ, ಪೂರ್ತಿ ಭದ್ರತೆ. ಸ್ಕಾಟ್ಲೆಂಡ್ ಗಡಿಯಲ್ಲಿ ದನ ಕದಿಯುವ ದಾಳಿ ಹದಿನಾರನೇ ಶತಮಾನದಲ್ಲಿ ದಿನನಿತ್ಯದ ಭಯ. ಆದ್ದರಿಂದ ಒಂದು ಮೀಟರಿಗೂ ದಪ್ಪದ ಗೋಡೆ. ಕೆಳಗೆ ದನ, ಮೇಲೆ ಜನ. ಮೇಲೆ ಹೋಗಲು ಏಣಿ, ರಾತ್ರಿ ಅದನ್ನು ಎಳೆದುಕೊಳ್ಳುತ್ತಿದ್ದರು. ಬ್ಲ್ಯಾಕ್ ಮಿಡನ್ಸ್ ಎಂಬಲ್ಲಿ ಒಂದನ್ನು ನೋಡಬಹುದು. ಅಲ್ಲಿ ಈಗ ಕಾಣುವ ಹೊರಗಿನ ಕಲ್ಲಿನ ಮೆಟ್ಟಿಲು ಆಮೇಲೆ ಸೇರಿಸಿದ್ದು.

ಬಾರ್ನ್‌ಗೆ ಅಂಟಿಕೊಂಡ ದುಂಡು ಕಟ್ಟಡ ಏನು?

ಕುದುರೆ ಸುತ್ತುವ ಮನೆ. ಸ್ಕಾಟ್ಲೆಂಡಿನ ಆಂಡ್ರ್ಯೂ ಮೀಕಲ್ 1786ರ ಸುಮಾರಿಗೆ ಒಕ್ಕಣೆ ಯಂತ್ರ ಮಾಡಿದ. ಅದನ್ನು ತಿರುಗಿಸಲು ಕುದುರೆಗಳು ಗಾಣದ ಎತ್ತಿನಂತೆ ಸುತ್ತುತ್ತಿದ್ದವು. ಮಳೆಗೆ ನೆನೆಯದಿರಲೆಂದು ದುಂಡಗೆ ಅಥವಾ ಬಹುಕೋನದ ಸೂರು. ಡರ್ಹಮ್, ನಾರ್ತಂಬರ್ಲೆಂಡ್ ಕಡೆ ಇದನ್ನು ಜಿನ್ ಗ್ಯಾಂಗ್ ಅನ್ನುತ್ತಾರೆ. ಬೀಮಿಷ್ ಮ್ಯೂಸಿಯಂನ ಹೋಮ್ ಫಾರ್ಮ್‌ನಲ್ಲಿ ಒಂದಿದೆ. ಉಗಿಯಂತ್ರ ಬಂದ ಮೇಲೆ ಕುದುರೆಯ ಜಾಗಕ್ಕೆ ಚಿಮಣಿ ಬಂತು.

ಅಣಬೆ ಆಕಾರದ ಕಲ್ಲುಗಳು?

ಸ್ಟ್ಯಾಡಲ್ ಕಲ್ಲು. ಕಣಜವನ್ನು ಇವುಗಳ ಮೇಲೆ ಎತ್ತಿ ನಿಲ್ಲಿಸುತ್ತಿದ್ದರು. ಇಲಿ ಕಂಬ ಹತ್ತಿದರೂ ಟೋಪಿಯ ಅಂಚು ದಾಟಲಾರದು. ಅಡಿಯಲ್ಲಿ ಗಾಳಿ ಆಡಿ ಕಾಳು ಒಣಗಿರುತ್ತದೆ. ಈಗ ತೋಟದ ಅಲಂಕಾರಕ್ಕೆ ಇಡುತ್ತಾರೆ.

ಇವಕ್ಕೆ ಆರ್ಕಿಟೆಕ್ಟ್ ಇದ್ದರಾ?

ಮಧ್ಯಯುಗದಲ್ಲಿ ಇದ್ದವರು ಕಲ್ಲುಕೆಲಸದ ಮೇಸ್ತ್ರಿ ಮತ್ತು ಬಡಗಿ ಮೇಸ್ತ್ರಿ. ಚಾವಣಿಯ ಮರವನ್ನು ಮೊದಲು ನೆಲದ ಮೇಲೆ ಜೋಡಿಸಿ, ಸರಿ ಕೂತಿತೇ ನೋಡಿ, ಕೀಲು ಕೀಲಿಗೂ ರೋಮನ್ ಅಂಕಿ ಕೆತ್ತಿ, ಬಿಚ್ಚಿ, ಆಮೇಲೆ ಮೇಲೇರಿಸುತ್ತಿದ್ದರು. ಆ ಅಂಕಿಗಳು ಇವತ್ತೂ ತೊಲೆಗಳ ಮೇಲೆ ಕಾಣುತ್ತವೆ. ಹಸಿ ಓಕ್ ಬಳಸುತ್ತಿದ್ದರು, ಏಕೆಂದರೆ ಒಣಗಿದ ಓಕ್ ಉಳಿಗೆ ಬಗ್ಗುವುದಿಲ್ಲ. ಹಸಿ ಮರ ಒಣಗುತ್ತಾ ಕೀಲು ಬಿಗಿಯುತ್ತದೆ. ಬಾಗಿಲ ಹತ್ತಿರ ಕೈವಾರದಿಂದ ಗೀರಿದ ಆರು ದಳದ ಹೂವೂ ಕಾಣಬಹುದು. ಕೆಟ್ಟದ್ದು ಒಳಗೆ ಬಾರದಿರಲಿ ಎಂಬ ಗುರುತು ಅದು ಎಂದು ಬಹುಪಾಲು ತಿಳಿದವರು ಹೇಳುತ್ತಾರೆ.

ಹೆಸರು ಹೇಳಿ ಕಟ್ಟಿಸಿದ ಆರ್ಕಿಟೆಕ್ಟ್‌ಗಳು ಬಂದದ್ದು ಹದಿನೆಂಟು, ಹತ್ತೊಂಬತ್ತನೇ ಶತಮಾನದ ಎಸ್ಟೇಟ್‌ಗಳ ಮಾದರಿ ಫಾರ್ಮ್‌ಗಳ ಕಾಲಕ್ಕೆ. ಸ್ಟಾಫರ್ಡ್‌ಷೈರ್‌ನ ಷಗ್‌ಬರೋದಲ್ಲಿ ಸ್ಯಾಮ್ಯುಯೆಲ್ ವಯಟ್ 1805ರ ಹೊತ್ತಿಗೆ ಮಾಡಿದ ಪಾರ್ಕ್ ಫಾರ್ಮ್ ಅಂಥದ್ದು.

ವಯಸ್ಸು ಗೊತ್ತು ಮಾಡುವುದು ಹೇಗೆ?

ಬಾಗಿಲ ಮೇಲಿನ ಇಸವಿಯ ಕಲ್ಲನ್ನು ಪೂರ್ತಿ ನಂಬಬೇಡಿ. ಅದು ರಿಪೇರಿಯ ವರ್ಷ ಇರಬಹುದು, ಬೇರೆ ಕಟ್ಟಡದಿಂದ ತಂದದ್ದೂ ಇರಬಹುದು. ತೊಲೆಗಳ ಬೆಳವಣಿಗೆ ಉಂಗುರ ಅಳೆಯುವುದು ಹೆಚ್ಚು ಖಾತ್ರಿ. ನೀವು ಬರಿಗಣ್ಣಲ್ಲಿ ನೋಡಬಹುದಾದದ್ದು ಗೋಡೆಯಲ್ಲಿ ಮೇಲಿಂದ ಕೆಳಗೆ ನೇರ ಇಳಿದ ಸಂದು. ಅಲ್ಲಿ ಹಳೆಯ ಗೋಡೆ ಮುಗಿದು ಹೊಸದು ಶುರು.

ಸಿಮೆಂಟಿನಿಂದ ರಿಪೇರಿ ಮಾಡಿದರೆ ಏನು ತಪ್ಪು?

ದೊಡ್ಡ ತಪ್ಪು. ಹಳೆಯ ಗೋಡೆ ಸುಣ್ಣದ ಗಾರೆಯದು. ಮಳೆ ನೀರು ಒಳಗೆ ಹೋಗುತ್ತದೆ, ಗಾರೆಯ ಸಂದಿನಿಂದ ಹೊರಗೆ ಆರಿಹೋಗುತ್ತದೆ. ಗಾರೆ ಕಲ್ಲಿಗಿಂತ ಮೆದು, ಸವೆಯುವುದು ಅದೇ. ನೂರು ವರ್ಷಕ್ಕೊಮ್ಮೆ ಹೊಸದಾಗಿ ತುಂಬಿದರಾಯಿತು. ಸಿಮೆಂಟು ಗಟ್ಟಿ, ನೀರನ್ನು ಹೊರಗೆ ಬಿಡುವುದಿಲ್ಲ. ಆಗ ನೀರು ಕಲ್ಲಿನಲ್ಲೇ ಉಳಿದು, ಹಿಮಕ್ಕೆ ಹೆಪ್ಪುಗಟ್ಟಿ, ಕಲ್ಲಿನ ಮುಖ ಸಿಡಿಯುತ್ತದೆ. ಸಿಮೆಂಟಿನ ಗೆರೆಗಳು ಉಬ್ಬಿ ನಿಂತು ಕಲ್ಲು ಒಳಗೆ ತಿಂದುಹೋದ ಗೋಡೆ ಕಂಡರೆ ಇದೇ ಕಥೆ.

ಹಳೆಯದನ್ನು ಹೊಸತಾಗಿ ಕಾಣಿಸಬೇಡಿ, ಇರುವುದನ್ನು ಜೋಪಾನವಾಗಿ ದುರಸ್ತಿ ಮಾಡಿ ಎಂದು ಹೇಳುತ್ತಾ ಬಂದ ಸಂಸ್ಥೆ ಸ್ಪ್ಯಾಬ್, ಅಂದರೆ ಪ್ರಾಚೀನ ಕಟ್ಟಡಗಳ ರಕ್ಷಣೆಯ ಸಂಘ. 1877ರಲ್ಲಿ ಅದನ್ನು ಶುರು ಮಾಡಿದವರಲ್ಲಿ ಮುಖ್ಯರು ಅದೇ ವಿಲಿಯಂ ಮಾರಿಸ್.

ಬೆಂಕಿ ಬಿದ್ದರೆ ಎಲ್ಲ ಮುಗಿಯಿತಾ?

ಮುಗಿಯಬೇಕಿಲ್ಲ. ವುಸ್ಟರ್‌ಷೈರ್‌ನ ಬ್ರೆಡನ್ ಬಾರ್ನ್ ಹದಿನಾಲ್ಕನೇ ಶತಮಾನದ್ದು, ವುಸ್ಟರ್‌ನ ಬಿಷಪ್ ಕಟ್ಟಿಸಿದ್ದು. ಪೋರ್ಚಿನ ಮೇಲೆ ಲೆಕ್ಕ ನೋಡುವವನಿಗೆ ಅಗ್ಗಿಷ್ಟಿಕೆ ಇರುವ ಕೋಣೆಯೂ ಇದೆ. 1980ರಲ್ಲಿ ಬೆಂಕಿ ಬಿದ್ದು ಚಾವಣಿ ಸುಟ್ಟಿತು. ನ್ಯಾಷನಲ್ ಟ್ರಸ್ಟ್ ಹಳೆಯ ಕ್ರಮದಲ್ಲೇ ಓಕ್ ತಂದು ಮತ್ತೆ ಕಟ್ಟಿಸಿತು. ಸಾಮರ್‌ಸೆಟ್‌ನ ಪಿಲ್ಟನ್ ಬಾರ್ನ್ ಗ್ಲ್ಯಾಸ್ಟನ್‌ಬರಿ ಮಠದ್ದು. 1963ರಲ್ಲಿ ಸಿಡಿಲು ಬಡಿದು ಹುಲ್ಲಿನ ಚಾವಣಿ ಹೋಯಿತು. ನಾಲ್ಕು ದಶಕ ಬರೀ ಗೋಡೆ. ಗ್ಲ್ಯಾಸ್ಟನ್‌ಬರಿ ಸಂಗೀತ ಉತ್ಸವದ ಮೈಕಲ್ ಈವಿಸ್ ಅದನ್ನು ಕೊಂಡು ಊರಿಗೇ ಬಿಟ್ಟುಕೊಟ್ಟರು. 2005ರಲ್ಲಿ ಹೊಸ ಓಕ್ ಚಾವಣಿ ಏರಿತು.

ಬಾರ್ನ್ ಕೊಂಡು ಮನೆ ಮಾಡಬಹುದಾ?

ಕೆಲವನ್ನು ಮಾಡಬಹುದು. 2014ರಲ್ಲಿ ಬಂದ, ಈಗ ಕ್ಲಾಸ್ ಕ್ಯೂ ಎಂದು ಕರೆಯುವ ನಿಯಮದಡಿ ಫಾರ್ಮ್ ಕಟ್ಟಡವನ್ನು ಮನೆ ಮಾಡಲು ಪೂರ್ತಿ ಪ್ಲ್ಯಾನಿಂಗ್ ಅರ್ಜಿ ಬೇಕಿಲ್ಲದ ಸಂದರ್ಭಗಳಿವೆ. ಲಿಸ್ಟ್ ಆದ, ಅಂದರೆ ಸರ್ಕಾರದ ಸಂರಕ್ಷಣಾ ಪಟ್ಟಿಗೆ ಸೇರಿದ ಕಟ್ಟಡಕ್ಕೆ, ರಾಷ್ಟ್ರೀಯ ಉದ್ಯಾನದ ಒಳಗಿನವಕ್ಕೆ ಆ ಸೌಲಭ್ಯ ಇಲ್ಲ. ಬಾವಲಿಗಳಿದ್ದರೆ 1981ರ ವನ್ಯಜೀವಿ ಕಾಯ್ದೆ ಅವನ್ನು ಕಾಯುತ್ತದೆ, ಮೊದಲು ಸಮೀಕ್ಷೆ ಆಗಲೇಬೇಕು.

ನನ್ನ ಅಭಿಪ್ರಾಯ ಕೇಳಿದರೆ, ಖಾಲಿ ಬಿಟ್ಟು ಕುಸಿಯುವುದಕ್ಕಿಂತ ಮನೆಯಾಗುವುದು ಮೇಲು. ಆದರೆ ಕಣದ ಎರಡೂ ದೊಡ್ಡ ಬಾಗಿಲು ತೆರೆದ ಜಾಗವಾಗಿಯೇ ಉಳಿಯಬೇಕು. ನೆಲದಿಂದ ನೆತ್ತಿಯ ತನಕ ಒಂದಾದರೂ ಕಡೆ ಕಣ್ಣು ಹಾಯಬೇಕು. ಚಾವಣಿಗೆ ಹತ್ತಾರು ಕಿಟಕಿ ಕೊರೆದು, ಒಳಗೆ ಮೂರು ಅಂತಸ್ತು ತುರುಕಿದರೆ ಉಳಿಯುವುದು ಬರೀ ಹೊರಗೋಡೆ. ದೊಡ್ಡ ಬಾರ್ನ್‌ಗಳಿಗೆ ಮನೆಗಿಂತ ಊರಿನ ಸಭೆ, ಮದುವೆ, ಸಂಗೀತ ಹೆಚ್ಚು ಒಪ್ಪುತ್ತವೆ.

ಮೇಲಿನ ತ್ರಿಕೋನದ ಗೋಡೆಯಲ್ಲಿ ಒಂದೇ ಒಂದು ತೂತು, ಏನದು?

ಗೂಬೆಗೆ ಬಿಟ್ಟ ದಾರಿ. ಇಲಿ ಹಿಡಿಯುತ್ತದೆ ಎಂದು ರೈತರು ಬೇಕೆಂದೇ ಕರೆದುಕೊಂಡ ಅತಿಥಿ. ಬೆಕ್ಕಿಗೂ ಬಾಗಿಲ ಬುಡದಲ್ಲಿ ತೂತು ಇಡುತ್ತಿದ್ದರು.

ನೋಡಲು ಹೋಗುವುದು ಹೇಗೆ?

ಕಾರು ಇಲ್ಲದವರಿಗೆ ಬ್ರ್ಯಾಡ್‌ಫರ್ಡ್ ಆನ್ ಏವನ್ ಸುಲಭ. ಬಾತ್ ನಗರದಿಂದ ರೈಲಿದೆ, ನಿಲ್ದಾಣದಿಂದ ನದಿ ಪಕ್ಕ ಸ್ವಲ್ಪ ನಡೆದರೆ ಬಾರ್ನ್. 1939ರಿಂದ ಅದು ಸರ್ಕಾರದ ಪಾಲನೆಗೆ ಬಂತು, ಈಗ ಇಂಗ್ಲಿಷ್ ಹೆರಿಟೇಜ್ ನೋಡಿಕೊಳ್ಳುತ್ತದೆ. ಗ್ರೇಟ್ ಕಾಕ್ಸ್‌ವೆಲ್‌ಗೆ ಕಾರು ಬೇಕು. ಸ್ವಿಂಡನ್ ಅಥವಾ ಆಕ್ಸ್‌ಫರ್ಡ್ ಕಡೆಯ ಕನ್ನಡಿಗರಿಗೆ ಭಾನುವಾರ ಬೆಳಿಗ್ಗೆ ಹೋಗಿ ಬರುವಷ್ಟು ಹತ್ತಿರ. ಡಾರ್ಸೆಟ್ ಕಡಲತೀರಕ್ಕೆ ಹೋಗುವವರು ಆಬಟ್ಸ್‌ಬರಿಯ ಬಾರ್ನ್ ಬಿಡಬೇಡಿ. 1400ರ ಸುಮಾರಿನದು, 272 ಅಡಿ ಉದ್ದ. ಈಗ ಅರ್ಧಕ್ಕೆ ಮಾತ್ರ ಚಾವಣಿ ಇದೆ. ಹೊರಡುವ ಮುಂಚೆ ತೆರೆದಿರುವ ಹೊತ್ತನ್ನು ಆಯಾ ಸಂಸ್ಥೆಯ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ.

ಡೇಲ್ಸ್‌ನ ಹೊಲದ ಬಾರ್ನ್‌ಗಳು ಖಾಸಗಿ. ಸಾರ್ವಜನಿಕ ಕಾಲುದಾರಿಯಿಂದ ನೋಡಿ, ಒಳಗೆ ನುಗ್ಗಬೇಡಿ. ಹಳೆಯ ಅಟ್ಟಗಳು ಕಾಲಿಟ್ಟರೆ ಕುಸಿಯಬಹುದು. ಮೇ, ಜೂನ್‌ನಲ್ಲಿ ಹುಲ್ಲುಗಾವಲು ಹೂ ಬಿಟ್ಟಿರುತ್ತದೆ. ಆಗ ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಡೆಯಿರಿ, ಅದು ಚಳಿಗಾಲದ ಮೇವು. ನೀವು ತೆರೆದ ಗೇಟನ್ನು ಮುಚ್ಚಿ ಬನ್ನಿ.